ಹೆಸರಿದ್ದ ಜಾಗ

ನ್ಯಾಶ್‌ವಿಲ್
ಫೆಬ್ರವರಿ 9, 2011

ಪ್ರೀತಿಯ ಆರ್ಲಿಸ್,

ಫೋನ್ ಮಾಡಿದರೆ ನೀನು ಬೇಕೆಂದೇ ಆ ಕೇಳಿಸದ ಎಡಗಿವಿಗೆ ಹಿಡಿದುಕೊಂಡು "ಹ್ಞೂಂ, ಹ್ಞೂಂ" ಅನ್ನುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದದಿಂದ ತಪ್ಪಿಸಿಕೊಳ್ಳುವುದು ನಿನ್ನಿಂದಲೂ ಆಗದು.

ವಿಷಯ ಒಳ್ಳೆಯದೇ. ಈ ಸೆಪ್ಟೆಂಬರಿಗೆ ಆ ಅವಳಿ ಗೋಪುರಗಳು ಬಿದ್ದು ಹತ್ತು ವರ್ಷ. ಕಂಪನಿಯವರು ನನ್ನ ಹಳೆಯ ಹಾಡುಗಳನ್ನೆಲ್ಲ ಜಾಲಾಡಿ, ದೇಶಭಕ್ತಿಯವು, ಎದೆಗೆ ಧೈರ್ಯ ತುಂಬುವಂಥವು ಎಂದು ಹದಿನಾಲ್ಕನ್ನು ಆರಿಸಿ ಒಂದು ಆಲ್ಬಮ್ ತರುತ್ತಿದ್ದಾರೆ. ಹೆಸರು 'ಧ್ವಜದ ನೆರಳಲ್ಲಿ'. ಅದರಲ್ಲಿ ಎರಡು ಹಾಡು ಬರೀ ಟ್ರಕ್ಕಿನ ಮೇಲೆ ಇವೆ. ಅವು ಹೇಗೆ ದೇಶಭಕ್ತಿಯಾದವೋ ಬರೆದ ನನಗೂ ಗೊತ್ತಿಲ್ಲ. ಮುಖಪುಟಕ್ಕೆ ನನ್ನನ್ನು ಗೋಧಿ ಹೊಲದಲ್ಲಿ ನಿಲ್ಲಿಸಿ ಫೋಟೊ ತೆಗೆದರು. ನಾವು ಹೊಗೆಸೊಪ್ಪಿನ ಹೊಲದಲ್ಲಿ ಬೆಳೆದವರು ಕಣ್ರಯ್ಯಾ ಅಂದೆ. "ಹೊಗೆಸೊಪ್ಪಿನ ಮುಂದೆ ನಿಂತ್ರೆ ಯಾರೂ ಅಳಲ್ಲ ಗಾರ್ಲಂಡ್" ಅಂದರು. ಟೋಪಿ ತೆಗೆಯಲೂ ಬಿಡಲಿಲ್ಲ. ಅದರ ಕೆಳಗೆ ಏನಿಲ್ಲ ಅಂತ ಅವರಿಗೆ ಗೊತ್ತು.

ಕೊನೆಯ ಹಾಡು ನಮ್ಮದೇ, 'ಗೇಟು ತೆರೆದಿಡು, ಅಮ್ಮ'. ಅದಿಲ್ಲದೆ ಆಲ್ಬಮ್ಮೇ ಇಲ್ಲವಂತೆ. ಈಗಲೂ ಕೊನೆಯ ಚರಣದಲ್ಲಿ ನಿನ್ನ ಹೆಸರು ಬರುವಾಗ ನಾನು ಬಾಯಿ ಮುಚ್ಚಿ ಮೈಕನ್ನು ಜನರ ಕಡೆ ಹಿಡಿಯುತ್ತೇನೆ. ಇಡೀ ಕ್ರೀಡಾಂಗಣ ಎದ್ದು ನಿಂತು "ಆರ್ಲಿಸ್" ಅಂತ ಕೂಗುತ್ತದೆ. ಹೆಂಗಸರು ಯುದ್ಧದಲ್ಲಿ ಸತ್ತ ಮಕ್ಕಳ ಫೋಟೊ ಎತ್ತಿ ಹಿಡಿದಿರುತ್ತಾರೆ.

ನೀನು ಸಮವಸ್ತ್ರದಲ್ಲಿ ನಾಯಿಯ ಜತೆ ಜಗಲಿಯಲ್ಲಿ ಕೂತ ಆ ಫೋಟೊ ಒಳಪುಟಕ್ಕೆ ಬೇಕಂತೆ. ಅನುಮತಿಯ ಹಾಳೆ ಜತೆಗಿಟ್ಟಿದ್ದೇನೆ. ಆಫೀಸಿನ ಹುಡುಗಿ ಹೊಸಬಳು, ಅದರ ಮೇಲೆ ಏನೇನೋ ಟೈಪ್ ಮಾಡಿದ್ದಾಳೆ. ಅದನ್ನೆಲ್ಲ ಓದಲು ಹೋಗಬೇಡ, ಗೆರೆ ಎಲ್ಲಿದೆಯೋ ಅಲ್ಲಿ ಸಹಿ ಹಾಕಿ ಕಳಿಸು.

ಹೋಬರ್ಟ್ ಚಿಕ್ಕಪ್ಪನ ಮಂಡಿನೋವು ಹೇಗಿದೆ?

ನಿನ್ನ ಅಣ್ಣ,
ಗಾರ್ಲಂಡ್


ಡಂಕನ್ ಗ್ಯಾಪ್, ಟೆನೆಸಿ
ಫೆಬ್ರವರಿ 27, 2011

ಗಾರ್ಲಂಡ್,

ಓದಬೇಡ ಅಂದೆಯಲ್ಲ, ಓದಿದೆ. 'ಮೃತರ ಹತ್ತಿರದ ಸಂಬಂಧಿಯ ಸಹಿ' ಎಂದಿದೆ. ಆ ಹಾಳೆಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ಎರಡು ಲೋಟ ಕಾಫಿ ಕುಡಿದೆ. ನನಗೆ ನನಗಿಂತ ಹತ್ತಿರದವರು ಯಾರಿದ್ದಾರೆ, ಸಹಿ ಹಾಕಿದರೂ ಸುಳ್ಳಾಗುವುದಿಲ್ಲ. ಆದರೂ ಹಾಕಲಿಲ್ಲ.

ಇಲ್ಲಿ ಮೇವಿನ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ಒಂದು ರೇಡಿಯೊ ಇದೆ. ವಾರಕ್ಕೆ ಮೂರು ನಾಲ್ಕು ಸಲವಾದರೂ ನಾನು ಮೂಟೆ ಹೊರುತ್ತಿರುವಾಗ ನೀನು ನನ್ನನ್ನು ಮಣ್ಣು ಮಾಡುತ್ತೀಯ. ಊರವರಿಗೆ ಅಭ್ಯಾಸವಾಗಿದೆ, ನನ್ನ ಮುಖ ನೋಡದೆ ಚಿಲ್ಲರೆ ಎಣಿಸಿಕೊಳ್ಳುತ್ತಾರೆ. ಕಳೆದ ತಿಂಗಳು ವರ್ಜೀನಿಯಾ ಕಡೆಯ ಒಬ್ಬ ಹೆಂಗಸು ಕೋಳಿಮರಿಗೆ ನುಚ್ಚು ಕೊಳ್ಳಲು ಬಂದಳು. ಹಾಡು ಮುಗಿಯಿತು. ನನ್ನ ಅಂಗಿಯ ಮೇಲಿನ ಹೆಸರು ಓದಿ, "ಆ ಹುಡುಗನ ಹೆಸರೇ ನಿಂದೂನಾ?" ಅಂದಳು. ಹೌದು ಮೇಡಂ ಅಂದೆ. "ದೊಡ್ಡ ಹೆಸರು ಇಟ್ಕೊಂಡಿದೀಯ ಕಣಪ್ಪ, ಅದಕ್ಕೆ ತಕ್ಕ ಹಾಗೆ ಬದುಕ್ಬೇಕು" ಅಂದಳು. ಪ್ರಯತ್ನ ಪಡ್ತಾ ಇದೀನಿ ಮೇಡಂ ಅಂದೆ.

ನಗು ಬಂದರೆ ನಗು. ನನಗೂ ಅವತ್ತು ಸಂಜೆಯವರೆಗೆ ನಗು ಬರುತ್ತಲೇ ಇತ್ತು, ಆಮೇಲೆ ಬರಲಿಲ್ಲ.

ಏಳು ವರ್ಷದಿಂದ ನಾವಿಬ್ಬರೂ ಬಾಯಿಬಿಡದ ಮಾತನ್ನು ಈಗ ಬರೆಯುತ್ತೇನೆ. ಅವತ್ತು ಬೆಳಿಗ್ಗೆ ಮರಳುಗಾಡಿನಲ್ಲಿ ಚಳಿಯಿತ್ತು. ನನ್ನ ದಳದ ಕೋಲ್ಬಿ ಹೆಂಬ್ರಿ ಒಳಗೆ ಸ್ವೆಟರ್ ಹಾಕಿಕೊಂಡಿದ್ದ, ಅದರ ಮೇಲೆ ಅವನ ಸಮವಸ್ತ್ರದ ಅಂಗಿ ಬಿಗಿಯಾಗುತ್ತಿತ್ತು. ನನ್ನದು ಒಂದು ಸೈಜು ದೊಡ್ಡದು. "ಕೊಡೋ ಬೆಟ್ಟದ ಗೂಳಿ, ಇವತ್ತೊಂದು ದಿನ" ಅಂದ. ಬದಲಾಯಿಸಿಕೊಂಡೆವು. ಎದೆಯ ಮೇಲೆ ಹೊಲಿದ ಹೆಸರೂ ಬದಲಾಯಿತು. ರಸ್ತೆಯ ಬಾಂಬು ಸಿಡಿದ ಮೇಲೆ ನಮ್ಮ ಮುಖ ನೋಡಿ ಗುರುತು ಹೇಳುವ ಸ್ಥಿತಿ ಇರಲಿಲ್ಲ, ಯಾರೋ ಹೆಸರು ಓದಿಕೊಂಡರು. ಎಂಟು ದಿನ ನಮ್ಮ ಅಮ್ಮನಿಗೆ ನಾನು ಸತ್ತಿದ್ದೆ. ಎಂಟು ದಿನ ಅರ್ಕನ್ಸಾದ ಅವನ ಅಮ್ಮನಿಗೆ ಅವನು ಬದುಕಿದ್ದ.

ನೀನು ಆ ಎಂಟು ದಿನದಲ್ಲಿ ಬರೆದ ಹಾಡು ಅದು. ಅಂದರೆ ಸತ್ತವನ ಮೇಲೆ ಬರೆದದ್ದು. ಸತ್ತವನು ಕೋಲ್ಬಿ. ಹೊಸ ಆಲ್ಬಮ್ಮಿನಲ್ಲಿ ಆ ಚರಣ ಮತ್ತೆ ಹಾಡು, ನನ್ನ ಹೆಸರು ತೆಗೆದು ಅವನದು ಹಾಕು. ಅಷ್ಟು ಮಾಡಿದರೆ ಫೋಟೊ ಏನು ಬೇಕಾದರೂ ತೆಗೆದುಕೋ.

ಚಿಕ್ಕಪ್ಪನ ಮಂಡಿ ಹಾಗೇ ಇದೆ.

ಆರ್ಲಿಸ್


ನ್ಯಾಶ್‌ವಿಲ್
ಮಾರ್ಚ್ 20, 2011

ಪ್ರೀತಿಯ ಆರ್ಲಿಸ್,

ನಿನ್ನ ಕಾಗದವನ್ನು ಬಸ್ಸಿನಲ್ಲಿ ಓದಿದೆ, ತುಲ್ಸಾದಿಂದ ವಿಚಿಟಾವರೆಗೆ ನಾಲ್ಕು ಸಲ. ತಂಡದ ಹುಡುಗರು ಯಾರು ಸತ್ತರು ಅಂತ ಕೇಳಿದರು.

ನೀನು ಕೇಳಿದ್ದು ಸಣ್ಣದು ಅಂತ ನಿನಗನ್ನಿಸುತ್ತದೆ. ಹೆಸರು ಬದಲಾಯಿಸಿದರೆ, ಹಾಗಾದರೆ ಇಷ್ಟು ವರ್ಷ ನಾವು ಕೂಗಿದ ಆರ್ಲಿಸ್ ಯಾರು ಅಂತ ಜನ ಕೇಳುತ್ತಾರೆ. ಅವನು ಡಂಕನ್ ಗ್ಯಾಪಿನಲ್ಲಿ ಕೋಳಿನುಚ್ಚು ತೂಗುತ್ತಾನೆ ಅಂತ ಹೇಳಲೇ? ಮಗನ ಫೋಟೊ ಎತ್ತಿ ಹಿಡಿದು ನನ್ನ ಜತೆ ಅತ್ತ ಹೆಂಗಸರಿಗೆ ಹೇಳಲೇ? ಅಲ್ಲಿಗೆ ನನ್ನ ಕತೆ ಮುಗಿಯಿತು.

ನಾನು ಸುಳ್ಳು ಹೇಳಬೇಕು ಅಂತ ಹೊರಟವನಲ್ಲ. ಮೊದಮೊದಲು ಹಾಡಿಗೆ ಮುಂಚೆ ಪೂರ್ತಿ ಕತೆ ಹೇಳುತ್ತಿದ್ದೆ. ಸುದ್ದಿ ಬಂದದ್ದು, ನಮ್ಮ ಕುಟುಂಬದ ಸ್ಮಶಾನದಲ್ಲಿ ನಾನು, ಹೋಬರ್ಟ್ ಚಿಕ್ಕಪ್ಪ ಗುಂಡಿ ತೋಡಿದ್ದು, ತೋಡುತ್ತಾ ತೋಡುತ್ತಾ ಈ ರಾಗ ಬಾಯಿಗೆ ಬಂದದ್ದು, ಆಮೇಲೆ ಫೋನ್ ಬಂದದ್ದು, ನೀನು ಬದುಕಿದ್ದದ್ದು. ಜನ ಚಪ್ಪಾಳೆ ತಟ್ಟುತ್ತಿದ್ದರು, ಹಾಡು ಶುರುವಾಗುವ ಹೊತ್ತಿಗೆ ಅವರ ಅಳು ಆರಿಹೋಗಿರುತ್ತಿತ್ತು. ಒಂದು ದಿನ ಹೊತ್ತಾಗಿತ್ತು ಅಂತ ಗುಂಡಿಯ ತನಕ ಹೇಳಿ ನಿಲ್ಲಿಸಿ ಹಾಡಿದೆ. ಅಂಥ ಮೌನ ನಾನು ಅದುವರೆಗೆ ಕೇಳಿರಲಿಲ್ಲ. ಆಮೇಲೆ ಕೊನೆಯ ತುಂಡನ್ನು ಹೇಳಲೇ ಇಲ್ಲ. ಹೇಳದೆ ಬಿಟ್ಟದ್ದು ಅಷ್ಟೇ, ಆರ್ಲಿಸ್.

ಏಳು ವರ್ಷ ಸುಮ್ಮನಿದ್ದೆ. ಈಗ ಯಾಕೆ? ಅಮ್ಮ ಇದ್ದಾಗಲೇ ಹೇಳಬಹುದಿತ್ತಲ್ಲ.

ಹಾಳೆ ಕಳಿಸು. ಕಂಪನಿಯವರು ಒತ್ತಾಯ ಮಾಡುತ್ತಿದ್ದಾರೆ.

ಗಾರ್ಲಂಡ್


ಡಂಕನ್ ಗ್ಯಾಪ್
ಮೇ 23, 2011

ಗಾರ್ಲಂಡ್,

ನಿನ್ನ ಎರಡು ಕಾಗದಕ್ಕೆ ಉತ್ತರ ಬರೆಯಲಿಲ್ಲ. ಮೂರನೆಯದನ್ನು ಒಡೆಯಲೂ ಇಲ್ಲ.

ನಿನ್ನೆ ಸಮಾಧಿ ಸಿಂಗರಿಸುವ ಭಾನುವಾರ. ನೀನು ಬರದೆ ಇದು ಆರನೆಯ ವರ್ಷ. ಎಲ್ಲರೂ ಬಂದಿದ್ದರು. ಹುಲ್ಲು ಕೆರೆದು, ಅಪ್ಪ ಅಮ್ಮನ ಕಲ್ಲು ತೊಳೆದು, ಹೂವಿಟ್ಟು, ಓಕ್ ಮರದ ಕೆಳಗೆ ಬಟ್ಟೆ ಹಾಸಿ ಊಟ ಮಾಡಿದೆವು. ಕರಿದ ಕೋಳಿ, ಜೋಳದ ರೊಟ್ಟಿ, ಲುಯೆಲ್ಲಾ ಅತ್ತೆಯ ಆ ಹಳದಿ ಕೇಕು. ಅಪ್ಪನ ಪಕ್ಕದ ತಗ್ಗು ಮತ್ತೆ ಕುಸಿದಿತ್ತು.

ನನಗಾಗಿ ನೀವು ತೋಡಿದ ಗುಂಡಿ ಅದು. ಪ್ರತಿ ವರ್ಷ ಮಣ್ಣು ತುಂಬುತ್ತೇನೆ, ಎರಡೇ ತಿಂಗಳಲ್ಲಿ ಒಂದು ಗೇಣು ಇಳಿದಿರುತ್ತದೆ. ಯಾರೋ ಅಭಿಮಾನಿಗಳು ಹುಡುಕಿಕೊಂಡು ಬಂದು ಅಲ್ಲಿ ಪುಟ್ಟ ಧ್ವಜ ನೆಟ್ಟು, ಪ್ಲಾಸ್ಟಿಕ್ ಗುಲಾಬಿ ಇಟ್ಟು ಹೋಗಿದ್ದರು. ನಾನು ಅವನ್ನು ಎತ್ತಿಟ್ಟು ಮಣ್ಣು ಸುರಿಯುತ್ತಿದ್ದಾಗ ಚಿಕ್ಕಪ್ಪ ಹತ್ತಿರ ಬಂದು ನಿಂತ. "ತಪ್ಪು ನಮ್ದೇ ಕಣೋ" ಅಂದ. "ತೋಡಿದ ಗುಂಡೀನ ಒಂದು ರಾತ್ರಿನೂ ಬರಿದು ಬಿಡಬಾರ್ದು. ಅವತ್ತು ನೀನು ಬದುಕಿದೀಯ ಅಂತ ಫೋನ್ ಬಂದ ಖುಷಿಗೆ ಸಲಿಕೆ ಅಲ್ಲೇ ಬಿಸಾಕಿ ಮನೆಗೆ ಓಡಿದ್ವಿ. ಮಾರನೇ ದಿನ ಮುಚ್ಚಿದ್ವಿ. ಅಷ್ಟೊತ್ತಿಗೆ ಅದು ರಾತ್ರಿಯೆಲ್ಲ ಕಾದುಬಿಟ್ಟಿತ್ತು."

ಈಗ ಯಾಕೆ ಅಂತ ಕೇಳಿದೆಯಲ್ಲ. ಆ ಸಹಿಯ ಹಾಳೆ ನೋಡಿದ ಮೇಲೆ ನನಗೆ ನಿದ್ದೆ ಸರಿಯಾಗಿಲ್ಲ. ಯಾಕೆಂದರೆ ಕೋಲ್ಬಿಯ ಪಾಲು ತಿಂದವನು ನೀನೊಬ್ಬನೇ ಅಲ್ಲ.

ಜರ್ಮನಿಯಲ್ಲಿದ್ದ ನಮ್ಮ ಸೈನ್ಯದ ಆಸ್ಪತ್ರೆಯಲ್ಲಿ ನನ್ನ ತಲೆಗೆಲ್ಲ ಬ್ಯಾಂಡೇಜು ಸುತ್ತಿದ್ದರು. ಎಚ್ಚರ ಬಂದಾಗ ಯಾರೋ ನನ್ನ ಕೈ ಹಿಡಿದು ಕೂತಿದ್ದರು. ಕಣ್ಣು ಕಾಣುತ್ತಿರಲಿಲ್ಲ. ಒಂದು ಹೆಂಗಸಿನ ದನಿ, ಬಲಗಿವಿಯ ಹತ್ತಿರ, "ಕೋಲ್ಬಿ" ಅಂತ ಕರೆಯಿತು. ಮೊದಲು ಕನಸು ಅಂದುಕೊಂಡೆ. ಮತ್ತೆ ಕರೆಯಿತು. "ಕೋಲ್ಬಿ, ನಾನು ಬಂದಿದೀನಿ ಮಗಾ." ನನಗೆ ಗೊತ್ತಾಯಿತು, ಗಾರ್ಲಂಡ್. ಅಂಗಿಯ ವಿಷಯ ನೆನಪಿತ್ತು. ಅವನು ನನ್ನ ಪಕ್ಕದಲ್ಲೇ ಹೋದದ್ದು ನೆನಪಿತ್ತು. ನಾನು ಅವನಲ್ಲ ಅಂತ ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ಅದರ ಬದಲು ಅವಳ ಕೈ ಒತ್ತಿ, "ಬಂದೆ ಅಮ್ಮಾ" ಅಂದೆ.

ಅವಳು ಇಡೀ ರಾತ್ರಿ ನನ್ನ ಪಕ್ಕದಲ್ಲಿ ಕೂತು ಮಾತಾಡಿದಳು. ಮನೆಯ ಹಿಂದಿನ ಕೆರೆ, ಒಂದು ಕುಂಟ ಕುದುರೆ, ಅವನ ಅಪ್ಪನ ದೋಣಿ. ಎಲ್ಲವನ್ನೂ ನಾನು ಕೇಳಿಸಿಕೊಂಡೆ. ಆ ಮಾತುಗಳು ಅವನಿಗೆ ಸೇರಬೇಕಾದವು. ಬೆಳಿಗ್ಗೆ ಎದ್ದಾಗ ಅವಳು ಇರಲಿಲ್ಲ, ದಾದಿಯರು ನನ್ನನ್ನು ನನ್ನ ಹೆಸರಿನಿಂದಲೇ, ಪ್ರೂಯಿಟ್ ಅಂತ, ಕರೆಯತೊಡಗಿದ್ದರು. ಅವಳಿಗೆ ಹೇಗೆ ತಿಳಿಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಮಾತ್ರ ಹೇಳಲಿಲ್ಲ.

ಮನೆಗೆ ಬಂದ ಮೇಲೆ ನಮ್ಮ ಅಮ್ಮ ನನ್ನನ್ನು ಸಾಯುವ ತನಕ ಹೆಸರು ಹಿಡಿದು ಕರೆಯಲಿಲ್ಲ, ಗಮನಿಸಿದ್ದೆಯಾ? ಬರೀ 'ಮಗಾ' ಅನ್ನುತ್ತಿದ್ದಳು. ನನ್ನ ಹೆಸರು ನಿನ್ನ ಹಾಡಿಗೆ ಹೋಗಿತ್ತು. ಅವಳು ಕರೆದಾಗಲೆಲ್ಲ ಕರೆಯುತ್ತಿರುವುದು ಯಾರನ್ನು ಅಂತ ನನಗೆ ಅನುಮಾನವಾಗುತ್ತಿತ್ತು.

ಮಿಸ್ ಗ್ಲೆಂಡಾಗೆ ಕಾಗದ ಬರೆದಿದ್ದೇನೆ. ಅವಳೇ ಕೋಲ್ಬಿಯ ತಾಯಿ, ಗ್ಲೆಂಡಾ ಹೆಂಬ್ರಿ. ಎಲ್ಲವನ್ನೂ ಬರೆದೆ, ನಿನ್ನ ಹಾಡು, ಗುಂಡಿ, ಆ ರಾತ್ರಿ. ಹಾಡಿಗೆ ಅವನ ಹೆಸರು ಹಾಕಿಸಲೇ ಅಂತ ಕೇಳಿದೆ. ಉತ್ತರ ಬಂದರೆ ನಿನಗೆ ಕಳಿಸುತ್ತೇನೆ.

ಆರ್ಲಿಸ್


ಅರ್ಕನ್ಸಾ
ಜೂನ್ 14, 2011

ಆರ್ಲಿಸ್ ಪ್ರೂಯಿಟ್‌ಗೆ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ನಾನು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು, ಬರೆಯುವ ಅಭ್ಯಾಸವಿಲ್ಲ. ರಜೆ ಬರಲಿ ಅಂತ ಕಾದೆ.

ನಿನ್ನ ಕೈ ಹಿಡಿದ ಗಳಿಗೆಯಲ್ಲೇ ನನಗೆ ಗೊತ್ತಾಗಿತ್ತು. ಕೋಲ್ಬಿಗೆ ಒಂಬತ್ತು ವರ್ಷವಾಗಿದ್ದಾಗ ಬಲಗೈಯ ತೋರುಬೆರಳು ಹುಲ್ಲು ಕಟ್ಟುವ ಯಂತ್ರಕ್ಕೆ ಸಿಕ್ಕಿತ್ತು, ಅದರ ಉಗುರು ಮತ್ತೆ ಬೆಳೆಯಲಿಲ್ಲ. ನಿನ್ನ ಕೈಗಳಲ್ಲಿ ಹತ್ತೂ ಉಗುರು ಇದ್ದವು. ನಾನು ಎರಡು ಸಲ ಎಣಿಸಿದೆ.

ದಾದಿ ಬಂದು "ನಿಮ್ಮ ಮಗನೇ ತಾನೇ ಅಮ್ಮಾ?" ಅಂತ ಕೇಳಿದಳು. ಹ್ಞೂಂ ಅಂದೆ. ಅಲ್ಲ ಅಂದರೆ ಆ ಮಾತಿನ ಜತೆಗೇ ಅವನು ಸಾಯುತ್ತಿದ್ದ. ಬೆಳಗಾಗಲಿ, ಹೇಳೋಣ ಅಂದುಕೊಂಡು ಒಂದು ಹಗಲು ಒಂದು ರಾತ್ರಿ ಕೂತೆ. ಇನ್ನೆಲ್ಲೋ ಇನ್ನೊಬ್ಬ ತಾಯಿ ಇದ್ದಾಳೆ, ಅವಳಿಗೆ ಏನು ಹೇಳಿರುತ್ತಾರೆ ಅಂತಲೂ ಗೊತ್ತಿತ್ತು. ಗೊತ್ತಿದ್ದೂ ಕೂತೆ. ಬೆಳಗಾದ ಮೇಲೆ ದಾದಿಗೆ ನಿಜ ಹೇಳಿ ಹೊರಟೆ. ಆ ಒಂದು ದಿನದಲ್ಲೇ ನಿಮ್ಮವರು ಗುಂಡಿ ತೋಡಿದರು ಅನ್ನುವುದು ನಿನ್ನ ಕಾಗದದಿಂದ ಈಗ ತಿಳಿಯಿತು. ನಿನ್ನ ಅಮ್ಮ ಬದುಕಿದ್ದರೆ ಅಲ್ಲಿಗೆ ಬಂದು ಅವಳ ಕಾಲ ಬಳಿ ಕೂರುತ್ತಿದ್ದೆ. ಅದಕ್ಕೂ ಹೊತ್ತು ಮೀರಿದೆ.

ನೀನು ನನಗೆ ಮೋಸ ಮಾಡಿದೆ ಅಂತ ಬರೆದಿದ್ದೀಯ. ಇಲ್ಲ. ಯಾರನ್ನು ಕರೆಯುತ್ತಿದ್ದೇನೆ ಅಂತ ನನಗೆ ಗೊತ್ತಿತ್ತು, ಯಾರು ಓಗೊಟ್ಟದ್ದು ಅಂತಲೂ ಗೊತ್ತಿತ್ತು. ಆ "ಬಂದೆ ಅಮ್ಮಾ" ಅನ್ನುವ ಮಾತನ್ನು ಮಾತ್ರ ನಾನು ಇಟ್ಟುಕೊಂಡಿದ್ದೇನೆ. ನಿನಗದು ಬೇಡವಾದರೂ ವಾಪಸ್ ಕೊಡುವುದಿಲ್ಲ.

ಹಾಡಿನ ವಿಷಯ. ಅವನ ಹೆಸರು ಹಾಕಬೇಡಿ. ಅವನಿಗೆ ನಿಮ್ಮ ಈ ಹಳ್ಳಿಗಾಡಿನ ಹಾಡು ಆಗುತ್ತಿರಲಿಲ್ಲ, ಯಾರಾದರೂ ಗಿಟಾರ್ ತೆಗೆದರೆ ಎದ್ದು ಹೋಗುತ್ತಿದ್ದ. ಅಷ್ಟು ಸಾವಿರ ಜನ ಅವನ ಹೆಸರು ಕೂಗಿದರೆ ನಾನು ಬಾಗಿಲಿಗೆ ಓಡುತ್ತೇನೆ, ಅದು ನನ್ನಿಂದಾಗದು. ನಿನ್ನ ಹೆಸರೂ ಅಲ್ಲಿ ಬೇಡ. ನೀನು ಬದುಕಿದ್ದೀಯ, ಅದನ್ನು ವಾಪಸ್ ತಗೋ. ಆ ಜಾಗವನ್ನು ಖಾಲಿ ಬಿಡಲು ನಿನ್ನ ಅಣ್ಣನಿಗೆ ಹೇಳು.

ಇನ್ನೊಂದು ಮಾತು. ಕೆಲವು ಸಂಜೆ ನಾನು ಹಿತ್ತಲ ಬಾಗಿಲಲ್ಲಿ ನಿಂತು ಅವನನ್ನು ಊಟಕ್ಕೆ ಕರೆಯುತ್ತೇನೆ, ಚಿಕ್ಕವನಿದ್ದಾಗ ಕೆರೆಯ ಕಡೆ ಮುಖ ಮಾಡಿ ಕರೆಯುತ್ತಿದ್ದ ಹಾಗೆ. ನನಗೆ ಹುಚ್ಚಿಲ್ಲ. ಕರೆಯದೆ ಒಬ್ಬಳೇ ಉಣ್ಣಲು ಕೂರುವುದು ಆಗುವುದಿಲ್ಲ. ಆ ಹೆಸರಿಗೆ ಕೊನೆಯ ಸಲ ಓಗೊಟ್ಟವನು ನೀನು. ಎಂದಾದರೂ ಕೇಳಿಸಿದರೆ ಸುಮ್ಮನಿರಬೇಡ.

ಗ್ಲೆಂಡಾ ಹೆಂಬ್ರಿ


ನ್ಯಾಶ್‌ವಿಲ್
ಜುಲೈ 7, 2011

ತಮ್ಮಾ,

ಮಿಸ್ ಗ್ಲೆಂಡಾಳ ಕಾಗದ ವಾಪಸ್ ಕಳಿಸುತ್ತಿದ್ದೇನೆ. ಅದು ನಿನ್ನ ಹತ್ತಿರ ಇರಬೇಕಾದದ್ದು.

ಅದನ್ನು ಓದಿದ ಮರುದಿನವೇ ಸ್ಟುಡಿಯೋಗೆ ಹೋಗಿ ಹಾಡನ್ನು ಮೊದಲಿನಿಂದ ಹಾಡಿದೆ. ನಾನು, ಒಂದು ಗಿಟಾರ್, ಒಂದೇ ಮೈಕು. ಕೊನೆಯ ಚರಣದಲ್ಲಿ ಹೆಸರಿನ ಜಾಗ ಬಂದಾಗ ಹಾಡೂ ಇಲ್ಲ, ತಂತಿಯೂ ಇಲ್ಲ. ಎರಡು ಎಣಿಕೆ ಖಾಲಿ. ಧ್ವನಿಮುದ್ರಣದವನು ಟೇಪು ಕೆಟ್ಟಿತು ಅಂದುಕೊಂಡು ಎದ್ದು ನಿಂತ. ಕೆಟ್ಟಿಲ್ಲ, ಕೂತ್ಕೋ ಅಂದೆ. ಕಂಪನಿಯವರು ಮೂರು ದಿನ ಕೂಗಾಡಿದರು. ಇದನ್ನು ಹಾಕದಿದ್ದರೆ ಇನ್ನುಳಿದ ಹದಿಮೂರೂ ಬೇಡ, ಟ್ರಕ್ಕಿನ ಹಾಡುಗಳೂ ಬೇಡ ಅಂದೆ. ನಿನ್ನ ಫೋಟೊ ಕೈಬಿಟ್ಟಿದ್ದಾರೆ.

ನಾಲ್ಕನೇ ತಾರೀಕು ಸ್ವಾತಂತ್ರ್ಯದ ದಿನದ ಕಾರ್ಯಕ್ರಮದಲ್ಲಿ ಮೊದಲ ಸಲ ಹಾಗೇ ಹಾಡಿದೆ. ಮೈಕನ್ನು ಜನರ ಕಡೆ ತಿರುಗಿಸಲಿಲ್ಲ. ಆದರೂ ಆ ಎರಡು ಎಣಿಕೆ ಬಂದಾಗ ಅಷ್ಟೂ ಜನ "ಆರ್ಲಿಸ್" ಅಂತ ಕೂಗಿಬಿಟ್ಟರು. ನಾನು ಬಿಟ್ಟ ಜಾಗಕ್ಕೆ ನಿನ್ನನ್ನೇ ತಂದು ಹಾಕಿದರು. ಅವರ ತಪ್ಪಲ್ಲ, ನಾನೇ ಕಲಿಸಿದ್ದು.

ಹಾಡು ಮುಗಿದ ಮೇಲೆ ಟೋಪಿ ತೆಗೆದೆ. ಹೌದು, ಎಲ್ಲರ ಮುಂದೆ. "ಆರ್ಲಿಸ್ ಬದುಕಿದಾನೆ" ಅಂದೆ. "ನನ್ ತಮ್ಮ. ದನದ ಮೇವು ಮಾರ್ತಾನೆ. ಅವತ್ತು ಸತ್ತಿದ್ದು ಬೇರೆಯವರ ಮಗ. ನನಗೆ ಏಳು ವರ್ಷದಿಂದ ಗೊತ್ತಿತ್ತು." ಆಮೇಲೆ ಒಬ್ಬ "ಸುಳ್ಳ" ಅಂದ, ಗಟ್ಟಿಯಾಗಿಯೇ. ಕೆಲವರು ಮಡಿಸುವ ಕುರ್ಚಿ ಎತ್ತಿಕೊಂಡು ಹೊರಟರು. ಮುಂದಿನ ಸಾಲಿನಲ್ಲಿ ಒಬ್ಬಳು ಮಗನ ಫೋಟೊ ಎತ್ತಿ ಹಿಡಿದಿದ್ದಳು. ಅದನ್ನು ಮೆಲ್ಲಗೆ ಇಳಿಸಿ, ತಿರುಗಿಸಿ, ತನ್ನ ಎದೆಗೆ ಒರಗಿಸಿಕೊಂಡಳು. ನಾನು ಅದನ್ನು ನೋಡಬಾರದು ಅಂತ ಮಾಡಿದ ಹಾಗಿತ್ತು. ಅದೊಂದು ನನ್ನ ಕಣ್ಣಿಂದ ಹೋಗುತ್ತಿಲ್ಲ.

ಶರತ್ಕಾಲಕ್ಕೆ ಬರುತ್ತೇನೆ. ಆ ಗುಂಡಿಗೆ ಜಲ್ಲಿ ಹಾಕಿ ಸರಿಯಾಗಿ ದಮ್ಮಸು ಮಾಡೋಣ.

ಗಾರ್ಲಂಡ್


ಡಂಕನ್ ಗ್ಯಾಪ್
ಸೆಪ್ಟೆಂಬರ್ 12, 2011

ಪ್ರೀತಿಯ ಗಾರ್ಲಂಡ್,

ಆಲ್ಬಮ್ ಬಂತು. ಗೋಧಿ ಹೊಲದಲ್ಲಿ ನೀನು ದಾರಿ ತಪ್ಪಿದವನ ಹಾಗೆ ಕಾಣುತ್ತೀಯ. ಎರಡು ರೇಡಿಯೊ ಕೇಂದ್ರದವರು ನಿನ್ನ ಹಾಡು ಹಾಕುವುದನ್ನು ನಿಲ್ಲಿಸಿದ್ದಾರಂತೆ, ಲುಯೆಲ್ಲಾ ಅತ್ತೆ ಅವರಿಗೆ ಫೋನ್ ಮಾಡಿ ಬೈದಳು. ನಮ್ಮ ಅಂಗಡಿಯ ರೇಡಿಯೊದಲ್ಲಿ ಇನ್ನೂ ಬರುತ್ತದೆ.

ಜಲ್ಲಿ ತರಬೇಡ. ಗುಂಡಿ ಈ ಬೇಸಗೆಯಲ್ಲಿ ಕುಸಿದಿಲ್ಲ. ಚಿಕ್ಕಪ್ಪ ಎರಡು ಸಲ ಹೋಗಿ ಕೋಲು ಊರಿ ನೋಡಿ ಬಂದ. "ಅದಕ್ಕೆ ಬೇಕಾದ್ದು ಸಿಕ್ತೇನೋ ಬಿಡು" ಅಂದ. ಏನು ಸಿಕ್ಕಿತು ಅಂತ ನಾನು ಕೇಳಲಿಲ್ಲ. ಸುಮ್ಮನೆ ಬಾ, ಟೋಪಿ ಇಲ್ಲದೆ ಬಾ.

ಮೊನ್ನೆ ಶನಿವಾರ ವರ್ಜೀನಿಯಾದ ಆ ಹೆಂಗಸು ಮತ್ತೆ ಬಂದಿದ್ದಳು, ಮರಿಗಳು ಕೋಳಿಗಳಾಗಿವೆಯಂತೆ. ನಾನು ಐವತ್ತು ಪೌಂಡಿನ ಮೂಟೆ ಹೆಗಲಿಗೇರಿಸಿದ್ದೆ. ನಿನ್ನ ಹಾಡು ಶುರುವಾಯಿತು. ಅವಳು ಕೈಚೀಲ ಮುಚ್ಚಿ ರೇಡಿಯೊ ಕಡೆ ತಿರುಗಿದಳು. ಅವಳಿಗೆ ಹೊಸ ಕತೆ ತಿಳಿದಿತ್ತೋ ಇಲ್ಲವೋ ಗೊತ್ತಾಗಲಿಲ್ಲ.

ಕೊನೆಯ ಚರಣ ಬಂತು. ನನ್ನ ಹೆಸರಿದ್ದ ಜಾಗ ಬಂತು. ನಿಂತುಹೋಯಿತು. ಅಂಗಡಿಯಲ್ಲಿ ಫ್ಯಾನು ತಿರುಗುವುದೊಂದೇ ಸದ್ದು. ಏಳು ವರ್ಷದಲ್ಲಿ ಮೊದಲ ಸಲ ನನ್ನನ್ನು ಯಾರೂ ಮಣ್ಣು ಮಾಡಲಿಲ್ಲ. ಮೈ ಹಗುರಾಗುತ್ತದೆ ಅಂದುಕೊಂಡಿದ್ದೆ.

ಆಗ ಎಡಗಿವಿಯಲ್ಲಿ ಕೇಳಿಸಿತು, ಗಾರ್ಲಂಡ್. ಬಾಂಬು ಸಿಡಿದಂದಿನಿಂದ ಅದರಲ್ಲಿ ನಾನು ಏನನ್ನೂ ಕೇಳಿದ್ದಿಲ್ಲ, ನಿನಗೆ ಗೊತ್ತು. ದೂರದಿಂದ, ನೀರಿನ ಮೇಲೆ ಹಾದು ಬಂದ ಹಾಗೆ, ಆಸ್ಪತ್ರೆಯ ಅದೇ ದನಿ, ಎರಡು ಸಲ. ಮೂಟೆ ಹೆಗಲ ಮೇಲೇ ಇತ್ತು. ನಾನು ಹಿಂಬಾಗಿಲ ಕಡೆ ತಿರುಗಿ ಗಟ್ಟಿಯಾಗಿ, "ಬಂದೆ ಅಮ್ಮಾ" ಅಂದುಬಿಟ್ಟೆ.

ಆ ಹೆಂಗಸು ಬಾಗಿಲ ಕಡೆ ನೋಡಿ, ಆಮೇಲೆ ನನ್ನ ಅಂಗಿಯ ಮೇಲಿನ ಹೆಸರು ನೋಡಿದಳು. "ಯಾರಪ್ಪ ಕರೆದಿದ್ದು? ನನಗೇನೂ ಕೇಳಿಸ್ಲಿಲ್ವಲ್ಲ" ಅಂದಳು.

"ಊಟಕ್ಕೆ ಕರೀತಿದಾರೆ ಮೇಡಂ" ಅಂದೆ.

ಬದುಕಿರುವ ನಿನ್ನ ತಮ್ಮ,
ಆರ್ಲಿಸ್